ಮಾಣಿ ಎಂದರೆ ಹುಡುಗ

ಬೆಳಗಿನ ಐದು ಗಂಟೆಗೆಲ್ಲ ಕಾಮಗೆರೆಯಂಥ ಊರಿನ ರಸ್ತೆಬದಿಯ ಹೋಟೆಲಿನ ಶಟರ್ ಅರ್ಧ ಎದ್ದಿರುತ್ತದೆ. ಒಳಗೆ ಇಡ್ಲಿ ಪಾತ್ರೆಯ ಆವಿ, ಹೊರಗೆ ಕಿವಿಗೆ ಟವೆಲ್ ಸುತ್ತಿಕೊಂಡು ಮೊದಲ ಬಸ್ಸಿಗೆ ಕಾಯುವವರು. ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ, ತಾಳಬೆಟ್ಟ ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿ ಇದು. ಹೋಲಿ ಕ್ರಾಸ್ ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಗಾರೆ ಕೆಲಸಕ್ಕೆ ಹೊರಟವರು, ರೇಷ್ಮೆಗೂಡು ಹೊತ್ತವರು, ಮಾದಪ್ಪನ ಒಕ್ಕಲಿನವರು, ಎಲ್ಲರಿಗೂ ಆ ಹೊತ್ತಿಗೆ ಬೇಕಾದದ್ದು ಒಂದು ಲೋಟ ಬಿಸಿ ಟೀ.

ಬೇರೆ ಊರಿನಿಂದ ಬಂದು ನೆಲೆಸಿದ ಕುಟುಂಬದ ಹೋಟೆಲಾದರೆ ಒಮ್ಮೆ ಗಲ್ಲಾದ ಕಡೆ ನೋಡಬೇಕು. ಅಪ್ಪ ಕಾವಲಿಯ ಮುಂದೆ, ಅಮ್ಮ ಒಳಗೆ ಚಟ್ನಿಯ ಕೆಲಸದಲ್ಲಿ. ಗಲ್ಲಾದ ಎತ್ತರದ ಕುರ್ಚಿಯಲ್ಲಿ ಕಾಲು ನೆಲಕ್ಕೆ ಎಟುಕದ ಮಗು. ಮುಂದೆ ಗಣಿತದ ನೋಟ್‌ಬುಕ್ಕು, ಅದು ಹಾರದಂತೆ ಮೇಲೊಂದು ಸೋಂಪಿನ ತಟ್ಟೆ. ‘ಎರಡು ಇಡ್ಲಿ, ಒಂದು ವಡೆ, ಎರಡು ಟೀ’ ಎಂದು ಒಳಗಿನಿಂದ ಕೂಗು ಬಂದರೆ ಪುಸ್ತಕದಿಂದ ಕಣ್ಣೆತ್ತದೆಯೇ ಮೊತ್ತ ಹೇಳುತ್ತದೆ. ಈಗ ಗೋಡೆಯ ಮೇಲಿನ ಸಣ್ಣ ಪೆಟ್ಟಿಗೆ ‘ಹಣ ಬಂದಿದೆ’ ಎಂದು ತಾನೇ ಕೂಗುವುದರಿಂದ ಚಿಲ್ಲರೆಯ ಕಷ್ಟ ಕಡಿಮೆ. ಆದರೆ ಬಾಕಿ ಬರೆಸುವವರ ಪುಸ್ತಕ ಇನ್ನೂ ಇದೆ. ಯಾರು ತಿಂಗಳ ಕೊನೆಗೆ ತಪ್ಪದೆ ಕೊಡುತ್ತಾರೆ, ಯಾರಿಗೆ ಮೆಲ್ಲಗೆ ನೆನಪಿಸಬೇಕು ಎಂಬುದು ಆ ಮಗುವಿಗೆ ಅಪ್ಪನಷ್ಟೇ ಚೆನ್ನಾಗಿ ಗೊತ್ತು.

ಹೋಟೆಲಿನಲ್ಲಿ ಟೇಬಲಿಗೆ ತಿಂಡಿ ತರುವವನನ್ನು ಕನ್ನಡಿಗರು ಬಹುಕಾಲ ಕರೆದದ್ದು ‘ಮಾಣಿ’ ಎಂದು. ವಯಸ್ಸು ಐವತ್ತು ದಾಟಿದರೂ ಅವನು ಮಾಣಿಯೇ. ಆದರೆ ಆ ಪದದ ಮೂಲ ಅರ್ಥ ಹೋಟೆಲಿಗೆ ಸಂಬಂಧಪಟ್ಟದ್ದೇ ಅಲ್ಲ. ಹಳೆಯ ಕನ್ನಡದಲ್ಲಿ ಮಾಣಿ ಎಂದರೆ ವಟು, ಬ್ರಹ್ಮಚಾರಿ ಹುಡುಗ. ಕುಂದಾಪುರ, ಕೋಟದ ಕಡೆ ಇವತ್ತಿಗೂ ಮಾಣಿ ಎಂದರೆ ಮನೆಯ ಗಂಡುಮಗ. ಹವ್ಯಕರ ಮನೆಗಳಲ್ಲಿ ಗಂಡುಮಗು ಮಾಣಿ, ಹೆಣ್ಣುಮಗು ಕೂಸು. ತಾಯಿ ಮಗನನ್ನು ಅಕ್ಕರೆಯಿಂದ ಕರೆಯುವ ಪದ ಟೇಬಲ್ ಒರೆಸುವವನ ಹೆಸರಾದದ್ದು ಹೇಗೆ? ಆ ಕೆಲಸಕ್ಕೆ ಬಂದವರು ನಿಜವಾಗಿಯೂ ಹುಡುಗರೇ ಆಗಿದ್ದರು, ಅದಕ್ಕೆ. ಉಡುಪಿ ಹೋಟೆಲಿನ ಚರಿತ್ರೆಯನ್ನು ಮಾಲೀಕರ ಸಾಹಸದ ಕಥೆಯಾಗಿ ಹೇಳುವುದು ವಾಡಿಕೆ. ಅದು ಮಕ್ಕಳ ವಲಸೆಯ ಕಥೆಯೂ ಹೌದು ಎಂಬುದಕ್ಕೆ ಈ ಎರಡಕ್ಷರ ಸಾಕ್ಷಿ.

ಆ ಹುಡುಗರು ಊರು ಬಿಡತೊಡಗಿದ ಕಾಲಕ್ಕೆ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಜಿಲ್ಲೆ. ಮನೆ ತುಂಬ ಮಕ್ಕಳು, ಗದ್ದೆ ಸ್ವಲ್ಪ, ಅದೂ ಹಲವರಿಗೆ ಗೇಣಿಯದು. 1923ರ ಆಗಸ್ಟಿನ ಮಹಾ ನೆರೆ ಕರಾವಳಿಯ ನದಿದಂಡೆಗಳನ್ನು ತೊಳೆದುಕೊಂಡು ಹೋಯಿತು. ಕೈಯಲ್ಲಿದ್ದ ವಿದ್ಯೆ ಒಂದೇ, ಅಡುಗೆ. ಉಡುಪಿಯ ಅಷ್ಟಮಠಗಳಲ್ಲಿ ನೂರಾರು ಜನಕ್ಕೆ ಒಂದೇ ಹೊತ್ತಿಗೆ ಬಡಿಸುವ ಕ್ರಮ ಮೊದಲಿನಿಂದ ಇತ್ತು. ಘಟ್ಟ ಹತ್ತಿದ ಹುಡುಗರು ತಂದದ್ದು ಅದನ್ನೇ.

ಕಡಂದಲೆಯ ಕೃಷ್ಣ ರಾವ್ ಮಠದ ಅಡುಗೆಮನೆಯಲ್ಲಿ ದುಡಿದು, ಮದರಾಸಿಗೆ ಹೋಗಿ, ಹೋಟೆಲಿನಲ್ಲಿ ಹಿಟ್ಟು ರುಬ್ಬುವ, ಪಾತ್ರೆ ತೊಳೆಯುವ ಕೆಲಸದಿಂದ ಮೊದಲುಮಾಡಿದವರು. 1920ರ ದಶಕ ಮುಗಿಯುವ ಮೊದಲೇ ಮೌಂಟ್ ರೋಡಿನಲ್ಲಿ ಅವರ ಉಡುಪಿ ಶ್ರೀಕೃಷ್ಣ ವಿಲಾಸ ಇತ್ತು. 1938ರಲ್ಲಿ ರಾಯಪೇಟೆಯಲ್ಲಿ ಅವರದೇ ವುಡ್‌ಲ್ಯಾಂಡ್ಸ್ ಶುರುವಾಯಿತು. ಕೋಟದ ಹತ್ತಿರದ ಪರಂಪಳ್ಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಬ್ರಾಹ್ಮಣ್ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಆಯಿತು. 1943ರಲ್ಲಿ ಗಾಂಧಿಬಜಾರಿನ ವಿದ್ಯಾರ್ಥಿ ಭವನ. ಅದಕ್ಕೂ ಒಂದು ವರ್ಷ ಮೊದಲು ಮುಂಬಯಿಯ ಮಾಟುಂಗದಲ್ಲಿ ರಾಮ ನಾಯಕರ ಊಟದ ಮನೆ. 1974ರ ಭೂಸುಧಾರಣೆಯ ನಂತರ ಗದ್ದೆ ಕಳೆದುಕೊಂಡ ಬಂಟ ಕುಟುಂಬಗಳಿಂದ ಇನ್ನೊಂದು ದೊಡ್ಡ ಗುಂಪು ಮುಂಬಯಿಯ ಹೋಟೆಲುಗಳಿಗೆ ಹೋಯಿತು. ಇಷ್ಟು ಹೊತ್ತಿಗೆ ಕರ್ನಾಟಕದ ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡ್ ಎದುರಿಗೂ ‘ಉಡುಪಿ’ ಬೋರ್ಡು ಬಂದಾಗಿತ್ತು.

ಆ ಹುಡುಗರ ದಿನ ಶುರುವಾಗುತ್ತಿದ್ದದ್ದು ಒರಳಿನ ಮುಂದೆ. ಉದ್ದು ಬೇರೆ, ಅಕ್ಕಿ ಬೇರೆ. ಉದ್ದನ್ನು ನೀರು ಚಿಮುಕಿಸುತ್ತ, ಬೆಣ್ಣೆಯಂತೆ ಉಬ್ಬಿ ಗುಂಡಿನ ಸುತ್ತ ಏರುವವರೆಗೆ ತಿರುಗಿಸಬೇಕು. ಎಡಗೈ ಹಿಟ್ಟನ್ನು ಒಳಗೆ ತಳ್ಳುತ್ತಿರಬೇಕು, ಬಲಗೈ ಗುಂಡನ್ನು ನಿಲ್ಲಿಸಬಾರದು. ಕೈ ಎರಡರ ಲಯ ತಪ್ಪಿದರೆ ಬೆರಳು ಕಲ್ಲಿನ ನಡುವೆ. ನೂರಾರು ಇಡ್ಲಿಯ ಹಿಟ್ಟಿಗೆ ಹೀಗೆ ಗಂಟೆಗಟ್ಟಲೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ರುಬ್ಬಿದ ಜಾಗದಲ್ಲೇ ಚಾಪೆ. ಈ ಕೆಲಸದಿಂದ ಅವರನ್ನು ಬಿಡಿಸಿದ್ದು 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ರೂಪುಗೊಂಡ ವಿದ್ಯುತ್ ಗ್ರೈಂಡರ್. ಕೊಳ್ಳೇಗಾಲದವರಿಗೆ ಕೊಯಮತ್ತೂರು ದೂರದ ಹೆಸರಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ತಾಲ್ಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು.

ಮುಂಬಯಿಯ ಕನ್ನಡಿಗರು ಈ ಮಕ್ಕಳಿಗಾಗಿ ಮಾಡಿದ ಒಂದು ಕೆಲಸವನ್ನು ನೆನೆದರೆ ಮನಸ್ಸು ತುಂಬುತ್ತದೆ. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಲ್ಲಿ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವು. ಹಗಲೆಲ್ಲ ತಟ್ಟೆ ಎತ್ತಿದ ಹುಡುಗ ಸಂಜೆ ಕೈ ತೊಳೆದು, ಅಂಗಿ ಬದಲಿಸಿ, ತರಗತಿಗೆ ಓಡುತ್ತಿದ್ದ. ಬೆಂಚಿನ ಮೇಲೆ ತೂಕಡಿಸಿದರೆ ಬೈಯದ ಮೇಷ್ಟ್ರು ಅಲ್ಲಿ ಇರಬೇಕಾಗಿತ್ತು, ಇದ್ದರು. ಕಾರ್ಕಳ ತಾಲ್ಲೂಕಿನಿಂದ ಮುಂಬಯಿಗೆ ಹೋಗಿ, ಹೋಟೆಲಿನಲ್ಲಿ ದುಡಿಯುತ್ತಲೇ ಓದಿ, ಪೊಲೀಸ್ ಅಧಿಕಾರಿಯಾದ ದಯಾ ನಾಯಕ್ ಅವರ ಹೆಸರು ಎಲ್ಲರಿಗೂ ಗೊತ್ತು. ನಟ ಸುನೀಲ್ ಶೆಟ್ಟಿ ತಮ್ಮ ತಂದೆ ವೀರಪ್ಪ ಶೆಟ್ಟಿಯವರ ಬಗ್ಗೆ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ: ಒಂಬತ್ತರ ವಯಸ್ಸಿಗೆ ಊರು ಬಿಟ್ಟು ಬಂದು ಟೇಬಲ್ ಒರೆಸಿದವರು, ಮುಂದೆ ತಾವು ಕೆಲಸ ಮಾಡಿದ ಕಟ್ಟಡಗಳನ್ನೇ ಕೊಂಡವರು. ಈ ಹೆಸರುಗಳು ನಮಗೆ ಗೊತ್ತಿರುವುದು ಅವರು ಗೆದ್ದದ್ದರಿಂದ. ಅದೇ ಒರಳಿನ ಮುಂದೆ ಕೂತು, ಅಲ್ಲೇ ಕೈ ಒಡೆದು, ಅಲ್ಲೇ ಮುದುಕರಾದ ಮಾಣಿಗಳ ಪಟ್ಟಿಯನ್ನು ಯಾರೂ ಇಟ್ಟಿಲ್ಲ.

ಕಾನೂನು ಈಗ ಬೇರೆ ದಾರಿ ಹಿಡಿದಿದೆ. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲು, ಢಾಬಾ, ಟೀ ಅಂಗಡಿಗಳಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ ದೇಶದಾದ್ಯಂತ ನಿಷೇಧವಿದೆ. 2016ರ ತಿದ್ದುಪಡಿ ಆ ನಿಷೇಧವನ್ನು ಎಲ್ಲ ಕೆಲಸಗಳಿಗೂ ವಿಸ್ತರಿಸಿತು, ಆದರೆ ಒಂದು ಬಾಗಿಲು ತೆರೆದಿಟ್ಟಿತು. ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸವಾದರೆ, ಮಗು ತನ್ನ ಮನೆಯವರ ವ್ಯಾಪಾರಕ್ಕೆ ಕೈಜೋಡಿಸಬಹುದು. ಅಂದರೆ ಹೊರಗಿನಿಂದ ಬಂದ ಮಾಣಿಯ ಕಾಲ ಕಾನೂನಿನ ಪ್ರಕಾರ ಮುಗಿದಿದೆ. ಉಳಿದದ್ದು ಮನೆಯ ಮಾಣಿ, ಮನೆಯ ಕೂಸು.

ಹೀಗಾಗಿ ಹೋಟೆಲಿನ ಮಗುವಿನ ಬಾಲ್ಯ ಎಂದರೇನು ಎಂಬ ಪ್ರಶ್ನೆಗೆ ಇವತ್ತು ಹೊಸ ತೂಕ ಬಂದಿದೆ. ಈ ಮಕ್ಕಳು ಮಾಡುವುದು ಕೆಲಸವೋ, ಮನೆಗೆ ನೆರವೋ? ಬ್ರಿಟನ್ನಿನಲ್ಲಿ ಸಮಾಜಶಾಸ್ತ್ರಜ್ಞೆ ಮಿರಿ ಸಾಂಗ್ ಇದನ್ನೇ ಕೇಳಿಕೊಂಡು ಅಲ್ಲಿನ ಚೀನೀ ಪಾರ್ಸೆಲ್ ಹೋಟೆಲುಗಳ ಕುಟುಂಬಗಳನ್ನು ಅಧ್ಯಯನ ಮಾಡಿ 1999ರಲ್ಲಿ ಪುಸ್ತಕ ಪ್ರಕಟಿಸಿದರು. ಅಪ್ಪ ಅಮ್ಮನಿಗೆ ಇಂಗ್ಲಿಷ್ ಬಾರದು, ಹಾಗಾಗಿ ಕೌಂಟರಿನಲ್ಲಿ ಮಕ್ಕಳು. ಗಿರಾಕಿಯ ಆರ್ಡರ್, ಬ್ಯಾಂಕಿನ ಕಾಗದ, ಕೆಲವೊಮ್ಮೆ ಕುಡಿದು ಬಂದವರ ಬೈಗುಳ, ಎಲ್ಲ ಮೊದಲು ಅವರ ಕಿವಿಗೆ. ಕೇಳಿದರೆ ಮಕ್ಕಳು ‘ದುಡಿಯುತ್ತೇವೆ’ ಎನ್ನುತ್ತಿರಲಿಲ್ಲ, ‘ಸಹಾಯ ಮಾಡುತ್ತೇವೆ’ ಎನ್ನುತ್ತಿದ್ದರು. ವೇಲ್ಸಿನ ಹಳ್ಳಿಯೊಂದರಲ್ಲಿ ಇಂಥ ಅಂಗಡಿಯಲ್ಲೇ ಬೆಳೆದ ಏಂಜೆಲಾ ಹುಯಿ 2022ರಲ್ಲಿ ತಮ್ಮ ನೆನಪುಗಳನ್ನು ಬರೆದರು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೆಳೆದ ಕರ್ಟಿಸ್ ಚಿನ್ 2023ರಲ್ಲಿ. ಕನ್ನಡದಲ್ಲಿ ಹೋಟೆಲು ಕಟ್ಟಿದವರ ಜೀವನಚರಿತ್ರೆಗಳಿವೆ. ಗಲ್ಲಾದ ಹಿಂದೆ ಕೂತು ಹೋಂವರ್ಕ್ ಮಾಡಿದವರೂ ಬರೆಯಬೇಕು. ಅವರ ಬಳಿ ಇರುವ ಸಂಗತಿಗಳು ಮಾಲೀಕರ ಬಳಿ ಇಲ್ಲ.

ಮೊದಲ ಸಂಗತಿ ಭಾಷೆ. ಕುಂದಾಪುರದ ಕಡೆಯಿಂದ ಕೊಳ್ಳೇಗಾಲದ ಸೀಮೆಗೆ ಬಂದ ಮನೆಯ ಹುಡುಗಿಯ ದಿನವನ್ನು ಊಹಿಸಿಕೊಳ್ಳಿ. ಒಲೆಯ ಹತ್ತಿರ ‘ಅಪ್ಪಯ್ಯ, ಎಂತ ಬೇಕು?’ ಗಲ್ಲಾದ ಹತ್ತಿರ ಬಂದರೆ ‘ಏನ್ ಕೊಡ್ಲಿ ಬುದ್ದಿ?’ ಪಾಲಾರ್ ಗಡಿ ದಾಟಿ ಬಂದ ಲಾರಿ ಚಾಲಕರಿಗೆ, ಮಾರ್ಟಳ್ಳಿ ಕಡೆಯ ಗಿರಾಕಿಗಳಿಗೆ ತಮಿಳು. ಶಾಲೆಯಲ್ಲಿ ಪುಸ್ತಕದ ಕನ್ನಡ. ಒಂದೇ ದಿನದೊಳಗೆ ನಾಲ್ಕು ಮಾತು. ಹೀಗೆ ನಾಲಿಗೆ ಬದಲಿಸುವುದನ್ನು ಅವಳಿಗೆ ಯಾರೂ ಕಲಿಸಿಲ್ಲ. ಕಲಿಯದೆ ವ್ಯಾಪಾರವಿಲ್ಲ.

ಎರಡನೆಯದು ರುಚಿ. ಕರಾವಳಿಯ ಸಾಂಬಾರಿಗೆ ಬೆಲ್ಲ ಬೀಳುತ್ತದೆ, ತೆಂಗಿನಕಾಯಿ ಧಾರಾಳ. ಈ ಕಡೆಯವರದ್ದು ಹುರುಳಿ ಸಾರು, ಉಪ್ಪೆಸರು, ಮುದ್ದೆಗೆ ಹೊಂದುವ ಖಾರ. ಸಾರು ಸಿಹಿಯಾದರೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋಗುತ್ತಾರೆ, ಬೈಯುವುದೂ ಇಲ್ಲ. ಹೊಸದಾಗಿ ಬಂದ ಅಡುಗೆಯವನಿಗೆ ಅದು ಅರ್ಥವಾಗುವ ಮೊದಲು ಶಾಲೆಗೆ ಹೋಗುವ ಮಗುವಿಗೆ ಅರ್ಥವಾಗಿರುತ್ತದೆ. ಮಗು ಗೆಳತಿಯ ಮನೆಯಲ್ಲಿ ಉಂಡು ಬಂದಿದೆ. ‘ಇನ್ನೂ ಖಾರ ಬೇಕು, ಬೆಲ್ಲ ಬೇಡ’ ಎಂದು ಅಪ್ಪನಿಗೆ ಹೇಳುವುದು ಅದೇ. ಹೀಗೆ ಎರಡು ಊರಿನ ಅಡುಗೆ ಒಂದು ಸೌಟಿನಲ್ಲಿ ಬೆರೆತು, ಹತ್ತು ವರ್ಷ ಕಳೆಯುವ ಹೊತ್ತಿಗೆ ಆ ಸಾಂಬಾರು ಉಡುಪಿಯದ್ದೂ ಅಲ್ಲ, ಕೊಳ್ಳೇಗಾಲದ್ದೂ ಅಲ್ಲ. ಮನೆಯವರಿಗೆ ಮಾತ್ರ ರಾತ್ರಿ ಒಂದು ಸಣ್ಣ ಪಾತ್ರೆಯಲ್ಲಿ ಬೆಲ್ಲ ಹಾಕಿದ್ದು ಪ್ರತ್ಯೇಕ.

ಕಾಮಗೆರೆಯ ಸೀಮೆಯಲ್ಲಿ ವಲಸೆಯ ಮಾತೆತ್ತಿದರೆ ಒಡೆಯರಪಾಳ್ಯವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಹನೂರು ತಾಲ್ಲೂಕಿನ ಕಾಡಂಚಿನ ಈ ಊರಿನ ಪಕ್ಕ 1970ರ ದಶಕದಲ್ಲಿ ಟಿಬೆಟನ್ ನಿರಾಶ್ರಿತರ ಧೋಂಡೆನ್‌ಲಿಂಗ್ ನೆಲೆ ಕಟ್ಟಲಾಯಿತು. ಬೈಲಕುಪ್ಪೆ, ಮುಂಡಗೋಡು, ಹುಣಸೂರಿನ ಗುರುಪುರದ ನಂತರ ರಾಜ್ಯದಲ್ಲಿ ಬಂದ ನೆಲೆ ಇದು. 1959ರಲ್ಲಿ ಹಿಮಾಲಯ ದಾಟಿದವರು ಹಿಮವೇ ಇಲ್ಲದ ಊರಿನಲ್ಲಿ ಜೋಳ ಬಿತ್ತಿದರು. ಮುಸುಕಿನ ಜೋಳ ಹಾಲುಗಟ್ಟುವ ಹೊತ್ತಿಗೆ ಕಾಡಿನಿಂದ ಆನೆ, ಹಂದಿ. ಹೊಲವೊಂದನ್ನೇ ನಂಬಿ ಬದುಕುವಂತಿರಲಿಲ್ಲ. ಚಳಿಗಾಲದಲ್ಲಿ ದೊಡ್ಡವರು ದೂರದ ಪಟ್ಟಣಗಳಿಗೆ ಸ್ವೆಟರ್ ಮಾರಲು ಹೋಗುತ್ತಿದ್ದರು, ಮಕ್ಕಳು ಅಜ್ಜಿಯ ಹತ್ತಿರವೋ ಶಾಲೆಯ ಹಾಸ್ಟೆಲಿನಲ್ಲೋ. 1992ರಲ್ಲಿ ದಲೈ ಲಾಮಾ ಇಲ್ಲಿನ ಜೋಗ್‌ಚೆನ್ ಮಠವನ್ನು ಉದ್ಘಾಟಿಸಿದರು. ಮಠ ನೋಡಲು ಜನ ಬರತೊಡಗಿದ ಮೇಲೆ ನೆಲೆಯ ಸಣ್ಣ ಊಟದ ಮನೆಗಳಿಗೂ ಗಿರಾಕಿ ಬಂದರು.

ಅಲ್ಲಿ ಮೋಮೋ ಮಡಿಸುವುದನ್ನು ಹತ್ತಿರದಿಂದ ನೋಡಬೇಕು. ಮೈದಾ ಹಿಟ್ಟಿನ ಉಂಡೆಯನ್ನು ಅಂಚು ತೆಳ್ಳಗೆ, ನಡುವೆ ಸ್ವಲ್ಪ ದಪ್ಪ ಉಳಿಯುವಂತೆ ಲಟ್ಟಿಸಬೇಕು. ಅಂಗೈ ಮೇಲಿಟ್ಟು, ನಡುವೆ ಒಂದು ಚಮಚ ಎಲೆಕೋಸು, ಈರುಳ್ಳಿ. ಬಲಗೈಯ ಹೆಬ್ಬೆರಳು, ತೋರುಬೆರಳು ಅಂಚನ್ನು ಚಿವುಟಿ ಚಿವುಟಿ ನೆರಿಗೆ ಹಿಡಿಯುತ್ತ ಹೋದರೆ, ಎಡಗೈಯ ಹೆಬ್ಬೆರಳು ಹೂರಣವನ್ನು ಒಳಗೊತ್ತಿ ಹಿಡಿದಿರುತ್ತದೆ. ನಮ್ಮ ಮನೆಗಳಲ್ಲಿ ಗಣೇಶನ ಹಬ್ಬಕ್ಕೆ ಮೋದಕ ಮಾಡುವ ಕೈಗೆ ಇದು ಹೊಸದಲ್ಲ. ಕಡೆಯ ನೆರಿಗೆಯನ್ನು ತಿರುಚಿ ಬಾಯಿ ಮುಚ್ಚದಿದ್ದರೆ ಹಬೆಯಲ್ಲಿ ಬಿಚ್ಚಿಕೊಂಡು ರಸ ಸೋರುತ್ತದೆ. ಸಣ್ಣ ಬೆರಳುಗಳಿಗೆ ಈ ನೆರಿಗೆ ಸಲೀಸು. ಹಾಗಾಗಿ ರಜೆಯ ದಿನ ಮಕ್ಕಳೂ ತಟ್ಟೆಯ ಸುತ್ತ ಕೂರುತ್ತಾರೆ.

ಟಿಬೆಟ್ಟಿನ ಮೋಮೋದಲ್ಲಿ ಎಲೆಕೋಸು ಮುಖ್ಯವಲ್ಲ, ಮಾಂಸ ಮುಖ್ಯ. ಎಲೆಕೋಸಿನ ಮೋಮೋ ಈ ನಾಡಿನ ಗಿರಾಕಿಗಾಗಿ. ಕರಾವಳಿಯ ಸಾಂಬಾರಿನಿಂದ ಬೆಲ್ಲ ಇಳಿದದ್ದೂ, ಮೋಮೋದೊಳಗೆ ಕೋಸು ಏರಿದ್ದೂ ಒಂದೇ ಕಾರಣಕ್ಕೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕುಂದಾಪುರದವರಿಗೆ ವರ್ಷಕ್ಕೊಮ್ಮೆಯಾದರೂ ಊರಿಗೆ ಹೋಗಿ ನಾಗನಿಗೆ ತಂಬಿಲ ಕೊಟ್ಟು ಬರಲು ಬಸ್ಸಿದೆ. ಒಡೆಯರಪಾಳ್ಯದ ಅಜ್ಜಿಗೆ ಅಂಥ ಬಸ್ಸಿಲ್ಲ. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬದುಕುವ ಈ ಸಮುದಾಯಕ್ಕೆ ವ್ಯಾಪಾರದ ಪರವಾನಗಿ ಸುಲಭವಾಗಿ ಸಿಗಬೇಕೆಂದು ಕೇಂದ್ರ ಸರ್ಕಾರ 2014ರ ಟಿಬೆಟನ್ ಪುನರ್ವಸತಿ ನೀತಿಯಲ್ಲಿ ಬರೆಯಬೇಕಾಯಿತು. ಅದಕ್ಕೂ ಮೊದಲು ಒಂದು ಸಣ್ಣ ಊಟದ ಅಂಗಡಿ ತೆರೆಯುವುದೂ ಕಾಗದಪತ್ರದ ಪ್ರಶ್ನೆಯಾಗಿತ್ತು. ಇಂಥ ಮನೆಯಲ್ಲಿ ಬೆಳೆದ ಮಗು ‘ನಿಮ್ಮ ಊರು ಯಾವುದು’ ಎಂಬ ಪ್ರಶ್ನೆಗೆ ಅಚ್ಚ ಹನೂರಿನ ಕನ್ನಡದಲ್ಲಿ ಉತ್ತರಿಸುತ್ತದೆ. ಆ ಉತ್ತರದ ಮೊದಲು ಒಂದು ಕ್ಷಣದ ಮೌನವೂ ಇರುತ್ತದೆ.

ಈ ಮಕ್ಕಳು ಮುಂದೆ ಹೋಟೆಲು ನಡೆಸುತ್ತಾರೆಯೇ? ಹೆಚ್ಚಿನ ಅಪ್ಪಂದಿರ ಆಸೆ ನಡೆಸಬಾರದು ಎಂದೇ. ಕಾವಲಿಯ ಮುಂದೆ ನಿಂತು ಕಾಲಿನ ನರ ಉಬ್ಬಿದವರು ಮಗಳಿಗೆ ಬಯಸುವುದು ಕೂತು ಮಾಡುವ ಕೆಲಸ. ಹಾಗಾಗಿ ಒಂದು ಕಡೆ ‘ಗಲ್ಲಾ ನೋಡ್ಕೊ’, ಇನ್ನೊಂದು ಕಡೆ ‘ಓದಿ ಇಲ್ಲಿಂದ ಹೋಗು’. ಎರಡನ್ನೂ ಒಂದೇ ದಿನ, ಒಂದೇ ಬಾಯಿಂದ ಕೇಳಿಸಿಕೊಂಡು ಬೆಳೆಯುವುದು ಸುಲಭವಲ್ಲ. ಒಡೆಯರಪಾಳ್ಯದ ಯುವಕರು ಬೆಂಗಳೂರಿಗೆ, ಅಲ್ಲಿಂದ ವಿದೇಶಕ್ಕೆ ಹೋಗುತ್ತಿದ್ದಾರೆ. ಕರಾವಳಿಯ ಹೋಟೆಲಿನ ಮಕ್ಕಳು ಎಂಜಿನಿಯರಿಂಗ್ ಸೇರುತ್ತಾರೆ. ಮರಳಿ ಬಂದವರೂ ಇದ್ದಾರೆ. ಎಂ.ಟಿ.ಆರ್.ನ ಹರಿಶ್ಚಂದ್ರ ಮಯ್ಯ 1999ರಲ್ಲಿ ತೀರಿಕೊಂಡಾಗ ಮಗಳು ಹೇಮಮಾಲಿನಿ ಮಯ್ಯ ಹೋಟೆಲಿನ ಹೊಣೆ ಹೊತ್ತರು. ಆಮೇಲೆ ತಮ್ಮಂದಿರೂ ಜೊತೆಯಾಗಿ ಅದು ಸಿಂಗಪುರ, ದುಬೈವರೆಗೆ ಹೋಯಿತು. ವಿದ್ಯಾರ್ಥಿ ಭವನವನ್ನು 1970ರಲ್ಲಿ ಕೊಂಡ ರಾಮಕೃಷ್ಣ ಅಡಿಗರ ಮಗ ಅರುಣ್ ಅಡಿಗ ಎಂಜಿನಿಯರಿಂಗ್ ಓದಿಯೂ ಅದೇ ದೋಸೆಯ ಮನೆಗೆ ಬಂದರು. ಆದರೆ ಇವು ಹೆಸರಾದ ಹೋಟೆಲುಗಳು. ನಾಲ್ಕು ಟೇಬಲಿನ ಅಂಗಡಿಗೆ ಮಗ ಬಾರದಿದ್ದರೆ ಒಂದು ದಿನ ಬೋರ್ಡು ಇಳಿಯುತ್ತದೆ, ಅಲ್ಲಿ ಮೊಬೈಲ್ ಅಂಗಡಿ ಬರುತ್ತದೆ.

ಹಾಗೆ ಹೊರಗೆ ಹೋದವರಲ್ಲೂ ಹೋಟೆಲು ಉಳಿಯುವುದು ಕೈಯಲ್ಲಿ. ಬೇರೆಯವರ ಮನೆಯಲ್ಲಿ ಊಟ ಮುಗಿದರೆ ಎದ್ದು ನಾಲ್ಕು ತಟ್ಟೆ ಒಟ್ಟಿಗೆ ಎತ್ತುತ್ತಾರೆ. ಎದುರಿನವನ ಲೋಟ ಬರಿದಾದರೆ ಮಾತಿನ ನಡುವೆಯೂ ಕಣ್ಣು ಅಲ್ಲಿಗೇ ಹೋಗುತ್ತದೆ. ಹಬ್ಬದ ದಿನ ಉಳಿದವರೆಲ್ಲ ಉಂಡ ಮೇಲೆ ಮೂರು ಗಂಟೆಗೆ ಕೂತು ಉಣ್ಣುವ ಅಭ್ಯಾಸ, ಸ್ವಂತ ಮನೆಯಲ್ಲೂ ಬಿಡುವುದಿಲ್ಲ.

ಈ ದಾರಿಯ ಹೋಟೆಲಿನ ಮಕ್ಕಳಿಗೆ ವರ್ಷದ ಕಠಿಣ ವಾರ ಯುಗಾದಿಯ ಸುತ್ತ ಬರುತ್ತದೆ. ಮಾದಪ್ಪನ ಬೆಟ್ಟದಲ್ಲಿ ಯುಗಾದಿ ಜಾತ್ರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಸಾಮಾನ್ಯವಾಗಿ ಅದೇ ದಿನಗಳಲ್ಲಿ. ಬಿಸಿಲಿಗೆ ಹೆದರಿ ರಾತ್ರಿಯೇ ನಡೆಯುವ ಭಕ್ತರು ‘ಉಘೇ ಮಾದಪ್ಪ’ ಎನ್ನುತ್ತ ಗುಂಪು ಗುಂಪಾಗಿ ಬರುತ್ತಾರೆ. ಕಾಲಲ್ಲಿ ಬೊಕ್ಕೆ, ಹೆಗಲಲ್ಲಿ ಜೋಳಿಗೆ. ಆ ರಾತ್ರಿಗಳಲ್ಲಿ ಶಟರ್ ಇಳಿಯುವುದಿಲ್ಲ. ಒಳಗಿನ ಕೊನೆಯ ಟೇಬಲನ್ನು ಅಮ್ಮ ಒರೆಸಿ ಕೊಟ್ಟಿದ್ದಾಳೆ, ಟ್ಯೂಬ್‌ಲೈಟು ಸರಿಯಾಗಿ ಬೀಳುವುದು ಅಲ್ಲೇ. ಹುಡುಗಿ ವಿಜ್ಞಾನದ ಚಿತ್ರ ಬರೆಯುತ್ತಿದ್ದಾಳೆ. ಮಂಡ್ಯದ ಕಡೆಯ ಮುದುಕಿಯೊಬ್ಬಳು ಎದುರು ಬೆಂಚಿನಲ್ಲಿ ಕಾಲು ಚಾಚಿ ಕೂತು, ‘ಓದ್ಕೊ ನಮ್ಮವ್ವ, ನಿಧಾನ್ವಾಗಿ ಕೊಡು’ ಎನ್ನುತ್ತಾಳೆ. ಹುಡುಗಿ ಪೆನ್ಸಿಲನ್ನು ಪುಟದ ನಡುವೆ ಇಟ್ಟು ಮುಚ್ಚಿ, ಒಳಗೆ ತಿರುಗಿ ಕೂಗುತ್ತಾಳೆ: ‘ಅಪ್ಪಯ್ಯ, ಒಂದ್ ಟೀ. ಸಕ್ಕರೆ ಜಾಸ್ತಿ.’